ಎರಡನೇ ಸಲ ಕರಿಯುವವಳು

ಜುಲೈ 9

ಅಪ್ಪಾ,

ಕೆಲಸ ಸಿಕ್ಕಿತು! ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಕೊನೆಯ ಪುಟಕ್ಕೆ ಹಾರಿ ಅದನ್ನೇ ಹುಡುಕುತ್ತೀಯ. ಬಸ್ಸು ಇಳಿದ ಮೂರನೇ ದಿನವೇ ಸಿಕ್ಕಿತ್ತು. ಒಂದು ವಾರ ಮಾಡಿ, ಇವರು ನನ್ನನ್ನು ಓಡಿಸುವುದಿಲ್ಲ ಅಂತ ಖಾತ್ರಿಯಾದ ಮೇಲೆ ಬರೆಯುತ್ತಿದ್ದೇನೆ.

ಫೋನ್ ಮಾಡಬಹುದಿತ್ತು. ಆದರೆ ನಮ್ಮಿಬ್ಬರ ಫೋನು ಹೇಗೆ ನಡೆಯುತ್ತದೆ ಅಂತ ನಿನಗೂ ಗೊತ್ತು. ನಾನು ಒಂದು ಹೇಳುತ್ತೇನೆ, ನೀನು ಇನ್ನೇನಕ್ಕೋ ಉತ್ತರ ಕೊಡುತ್ತೀಯ, ಮೂರನೇ ನಿಮಿಷಕ್ಕೆ ಇಬ್ಬರೂ ಕಿರುಚಾಡುತ್ತೇವೆ, ಅಮ್ಮ ಬಂದು ಫೋನು ಕಿತ್ತುಕೊಳ್ಳುತ್ತಾಳೆ. ಬಸ್ ಸ್ಟ್ಯಾಂಡಿನಲ್ಲಿ ನೀನೇ ಹೇಳಿದೆಯಲ್ಲ, "ಏನಿದ್ರೂ ಬರಿ, ಓದ್ತೀನಿ" ಅಂತ. ಶಾಲೆ ಬಿಟ್ಟವಳ ಕೈಯಲ್ಲಿ ಪತ್ರ ಬರೆಸುವುದು ಒಳ್ಳೆಯ ಶಿಕ್ಷೆಯೇ. ಇರಲಿ.

ಅಂಗಡಿ ಕೊರಿಯಾ ಕೋಳಿಯದು. ಅಲ್ಲಿಯವರು ಕರಿಯುವ ಹಾಗೆ ಕರಿದ ಕೋಳಿ, ಮತ್ತು ಬಟ್ಟಲು ಅನ್ನ. ಇವೆರಡೇ. ಆರು ಮೇಜು, ಗಾಜಿನ ಬಾಗಿಲು, ಪಕ್ಕದಲ್ಲಿ ಲಾಂಡ್ರಿ, ಎದುರಿಗೆ ಹಲ್ಲಿನ ಡಾಕ್ಟರು. ಒಡತಿಯನ್ನು ಬೀದಿಯವರೆಲ್ಲ ದೊಡ್ಡಕ್ಕ ಅನ್ನುತ್ತಾರೆ. ಹದಿನೈದು ವರ್ಷ ಕೊರಿಯಾದಲ್ಲಿ ಬೇರೆಯವರ ಅಡುಗೆಮನೆಯಲ್ಲಿ ದುಡಿದು ಬಂದು ಈ ಅಂಗಡಿ ಇಟ್ಟವರು. ಇನ್ನೊಬ್ಬರು ಅನ್ನದಣ್ಣ. ಬಟ್ಟಲಿಗೆ ಬಿಸಿ ಅನ್ನ ಹಾಕಿ, ಅದರ ಮೇಲೆ ಕ್ಯಾರೆಟ್, ಸೌತೆ, ಪಾಲಕ್, ಅಣಬೆ, ನಡುವೆ ಮೊಟ್ಟೆ ಇಟ್ಟು ಗಡಿಯಾರದ ಮುಖದ ಹಾಗೆ ಜೋಡಿಸುತ್ತಾರೆ. ತಿನ್ನುವವರು ಮೆಣಸಿನ ಗೊಜ್ಜು ಸುರಿದು ಎರಡೇ ಕ್ಷಣದಲ್ಲಿ ಎಲ್ಲ ಕಲಸಿಬಿಡುತ್ತಾರೆ. "ಕಲಸೋಕೇ ತಾನೆ ಅಣ್ಣಾ ಇರೋದು?" ಅಂದೆ. "ಗೊತ್ತಮ್ಮ. ಆದ್ರೂ ಹೊಟ್ಟೆ ಉರಿಯುತ್ತೆ" ಅಂದರು.

ಈಗ ಮುಖ್ಯವಾದದ್ದು ಕೇಳು. ಇಲ್ಲಿ ಕೋಳಿಯನ್ನು ಎರಡು ಸಲ ಕರಿಯುತ್ತಾರೆ! ಆಲೂಗಡ್ಡೆ ಹಿಟ್ಟು ಸವರಿ ಒಂದು ಸಲ ಕರಿದು, ತೆಗೆದು, ಜಾಲರಿಯ ಮೇಲೆ ಸುಮ್ಮನೆ ಕೂರಿಸುತ್ತಾರೆ. ಒಳಗಿನ ನೀರು ಹೊರಗೆ ಬಂದು ಮೇಲಿನ ಪದರ ಮೆತ್ತಗಾಗುತ್ತದೆ. ಆಗ ಇನ್ನೂ ಚೆನ್ನಾಗಿ ಕಾದ ಎಣ್ಣೆಗೆ ಎರಡನೇ ಸಲ. ಅದು ಹೊರಗೆ ಬಂದಾಗ ಗಾಜು ಒಡೆದ ಹಾಗೆ ಗರಿಗರಿ. ಗೊಜ್ಜು ಸವರಿದರೂ ಅರ್ಧ ಗಂಟೆ ಹಾಗೇ ಇರುತ್ತದೆ. ಮತ್ತೆ ಅಪ್ಪಾ, ಎಣ್ಣೆಯ ಹತ್ತಿರ ಗಡಿಯಾರವೇ ಇಲ್ಲ. ಯಾಕೆ ಅಂತ ದೊಡ್ಡಕ್ಕನನ್ನು ಕೇಳಿದೆ. "ಒಂದೊಂದು ಕೋಳೀಲಿ ಒಂದೊಂದು ಥರ ನೀರಿರುತ್ತೆ. ಗಡಿಯಾರಕ್ಕೇನ್ ಗೊತ್ತು? ಎಣ್ಣೆ ಹೇಳುತ್ತೆ, ಕೇಳ್ಬೇಕು" ಅಂದರು. ನೀರು ಇರುವವರೆಗೆ ಎಣ್ಣೆಯ ಸದ್ದು ದಪ್ಪ. ನೀರು ಹೋಗುತ್ತಾ ಬಂದ ಹಾಗೆ ತೆಳು. ಒಣ ಕಾಗದ ಮುದುರಿದ ಹಾಗೆ ಆದಾಗ ಎತ್ತಬೇಕು.

ನನಗೆ ಅದು ಬೇಕು ಅಪ್ಪಾ. ಎಣ್ಣೆಯ ಮುಂದೆ ನಿಲ್ಲುವುದು. ಸದ್ಯಕ್ಕೆ ನಾನು ಮೂಲಂಗಿಯನ್ನು ಚೌಕ ಚೌಕ ಹೆಚ್ಚಿ ವಿನೆಗರ್‌ಗೆ ಹಾಕುತ್ತೇನೆ, ಕೋಳಿ ತುಂಡುಗಳನ್ನು ಬಟ್ಟೆಯಲ್ಲಿ ಒತ್ತಿ ಒಣಗಿಸುತ್ತೇನೆ, ಮೇಜಿಗೆ ಒಯ್ಯುತ್ತೇನೆ. ಷರತ್ತು ನೆನಪಿದೆ. ಸೆಪ್ಟೆಂಬರ್ 30ರ ಒಳಗೆ ಎಣ್ಣೆ ನನ್ನ ಕೈಗೆ ಬರದಿದ್ದರೆ ವಾಪಸ್ಸು ಬಂದು ಪರೀಕ್ಷೆಗೆ ಕೂರಬೇಕು. ಕೂರುವುದು ಅನ್ನುವ ಪದ ಬರೆದರೇ ನನ್ನ ಕಾಲು ಜೋಮು ಹಿಡಿಯುತ್ತದೆ.

ಮೊದಲ ದಿನವೇ ಬೈಸಿಕೊಂಡೆ. ಗಿರಾಕಿಯೊಬ್ಬರು "ಇದು ಈಗ ಮಾಡಿದ್ದಾ?" ಅಂದರು. "ಇಲ್ಲ, ಮಾಡಿ ಸುಮಾರು ಹೊತ್ತಾಯ್ತು. ಬೇರೆ ಹಾಕಿಸ್ಲಾ?" ಅಂದೆ. ದೊಡ್ಡಕ್ಕ ಒಳಗೆ ಕರೆದು, "ನಿನ್ನ ಬಾಯಿಗೆ ಬೀಗ ಇಲ್ವೇನೇ?" ಅಂದರು. "ಇಲ್ಲ ದೊಡ್ಡಕ್ಕ, ಹುಟ್ಟಿದಾಗಿಂದ್ಲೂ ಇಲ್ಲ." ಅವತ್ತಿನಿಂದ ನಾನು ಬಾಯಿಬಡುಕಿ.

ಒಂದು ಸಹಾಯ ಬೇಕು. ಹೊಗೆ ಎಳೆಯುವ ಫ್ಯಾನು ಹುಚ್ಚು ಹಿಡಿದ ಹಾಗೆ ಅರಚುತ್ತದೆ. ಕೋಳಿ ಎತ್ತುವ ಹೊತ್ತಿಗೆ ದೊಡ್ಡಕ್ಕ ಅದನ್ನು ನಿಲ್ಲಿಸಿ ಕೇಳಿಸಿಕೊಳ್ಳಬೇಕು, ಅಷ್ಟರಲ್ಲಿ ಅಡುಗೆಮನೆ ಪೂರ್ತಿ ಹೊಗೆ. ಊರಿನ ಅರ್ಧ ಲಿಫ್ಟುಗಳ ಮೋಟಾರು ರಿಪೇರಿ ಮಾಡಿದವನು ನೀನು. ಏನು ಮಾಡಲಿ?

ನಿನ್ನ ಚಿನಕುರುಳಿ


ಜುಲೈ 18

ಚಿನಕುರುಳಿ,

ಪತ್ರ ಬಂತು. ಅಮ್ಮನಿಗೂ ಓದಿ ಹೇಳಿದೆ.

ಮೊದಲು ಕರೆಂಟು ಪೂರ್ತಿ ತೆಗೆ. ಸ್ವಿಚ್ಚಲ್ಲ, ಮೇನು. ಫ್ಯಾನಿನ ರೆಕ್ಕೆ ಕೈಯಲ್ಲಿ ತಿರುಗಿಸು. ಒಂದೇ ಜಾಗದಲ್ಲಿ ತಡೆದರೆ ಜಿಡ್ಡು ಕಟ್ಟಿದೆ, ಬಿಸಿನೀರು ಸೋಪು ಹಾಕಿ ಉಜ್ಜು. ಎಲ್ಲ ಕಡೆ ಒರಟಾಗಿದ್ದರೆ ಬೇರಿಂಗ್ ಒಣಗಿದೆ, ಗ್ರೀಸ್ ಹಾಕು. ಅಡುಗೆ ಎಣ್ಣೆ ಹಾಕಬೇಡ. ಬೆಲ್ಟು ಇದ್ದರೆ ಬೆರಳಿನಿಂದ ಒತ್ತಿ ನೋಡು, ಅರ್ಧ ಇಂಚಿಗಿಂತ ಜಾಸ್ತಿ ಇಳಿಯಬಾರದು. ಆಮೇಲೆ ಓಡಿಸಿ ಹೊರಗಿನ ಡಬ್ಬದ ಮೇಲೆ ಅಂಗೈ ಇಡು. ನಡುಕ ಸಮವಾಗಿದ್ದರೆ ಆಯಿತು.

ಏಣಿಯನ್ನು ಯಾರಾದರೂ ಹಿಡಿದಿರಲಿ.

ಸೆಪ್ಟೆಂಬರ್ 30.

ಅಪ್ಪ


ಆಗಸ್ಟ್ 2

ಅಪ್ಪಾ,

ಆಯಿತು! ಜಿಡ್ಡೂ ಹೌದು, ಬೇರಿಂಗೂ ಹೌದು, ಬೆಲ್ಟೂ ಹೌದು. ಮೂರೂ ಕಾಯಿಲೆ ಒಂದೇ ಮೈಗೆ. ಅನ್ನದಣ್ಣ ಏಣಿ ಹಿಡಿದುಕೊಂಡು "ಬೀಳ್ಬೇಡಮ್ಮ, ಬಿದ್ರೆ ಅನ್ನದ ಮೇಲೆ ಬೀಳ್ಬೇಡ" ಅನ್ನುತ್ತಲೇ ಇದ್ದರು. ಒಂದು ಡಬ್ಬ ತುಂಬ ಕಪ್ಪು ಅಂಟು ಕೆರೆದು ತೆಗೆದೆ. ಸ್ವಿಚ್ಚು ಹಾಕಿದರೆ ಫ್ಯಾನು ಬೆಕ್ಕಿನ ಹಾಗೆ ಗುರುಗುಟ್ಟುತ್ತದೆ, ಅಷ್ಟೇ! ಮೇಜಿನವರು ಮಾತಾಡುವುದು ಅಡುಗೆಮನೆಗೆ ಕೇಳಿಸುತ್ತದೆ. ದೊಡ್ಡಕ್ಕ ನನ್ನ ಕಪ್ಪು ಕೈ ನೋಡಿ, "ಸೆಪ್ಟೆಂಬರ್ ಒಂದನೇ ತಾರೀಕಿಂದ ಸಂಜೆ ಬುಟ್ಟಿ ನಿಂದು" ಅಂದರು. ಬುಟ್ಟಿ ಅಂದರೆ ಕೋಳಿಯನ್ನು ಎಣ್ಣೆಗೆ ಇಳಿಸಿ ಎತ್ತುವ ತಂತಿಬುಟ್ಟಿ. ಅಪ್ಪಾ, ಸೆಪ್ಟೆಂಬರ್ ಒಂದು! ನಿನ್ನ ತಾರೀಕಿಗಿಂತ ಒಂದು ತಿಂಗಳು ಮೊದಲು! ಹಿತ್ತಿಲಿಗೆ ಓಡಿ ಕುಣಿದೆ. ಲಾಂಡ್ರಿಯವರು ನೋಡಿದರು. ನೋಡಲಿ.

ಇಲ್ಲಿಗೆ ಪತ್ರ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ಇನ್ನೊಂದಿದೆ.

ಕೋಳಿ ಸರಿಯಾಗಿ ಬರುತ್ತಿಲ್ಲ. ನಾನು ಬಂದಾಗಿನಿಂದಲೂ ಆಗಾಗ ಮೆತ್ತಗೆ ಬರುತ್ತಿತ್ತು, ಕೆಲವು ಸಲ ಒಣಗಿ ನಾರು ನಾರು. ದೊಡ್ಡಕ್ಕ ಫ್ಯಾನನ್ನು ಬೈದರು, ಕೋಳಿ ತರುವವನನ್ನು ಬೈದರು, ಹಿಟ್ಟನ್ನು ಬೈದರು. ಎದುರಿನ ಹಲ್ಲಿನ ಡಾಕ್ಟರು ಮೂರು ವರ್ಷದಿಂದ ವಾರಕ್ಕೆರಡು ಸಲ ಬರುವವರು. ಮೊನ್ನೆ ಒಂದು ತುಂಡು ಕಚ್ಚಿ ನನ್ನನ್ನು ಕರೆದು ಮೆಲ್ಲಗೆ, "ನಿಮ್ಮಕ್ಕ ಹಲ್ಲು ಬೀಳಿಸೋ ಹಾಗೆ ಕರೀತಿದ್ರಮ್ಮ, ನನಗೆ ಗಿರಾಕಿ ಸಿಗೋವಷ್ಟು. ಈಗ ಕಚ್ಚಿದ್ರೆ ಸದ್ದೇ ಇಲ್ಲ" ಅಂದರು. ಅರ್ಧ ಬಿಟ್ಟು ಎದ್ದರು. ಅವರು ಅರ್ಧ ಬಿಡುವವರಲ್ಲ.

ಫ್ಯಾನು ಸರಿಯಾದ ಮೇಲೂ ಹಾಗೇ. ಆಮೇಲೆ ನಿನ್ನೆ ಮಧ್ಯಾಹ್ನ ಕರೆಂಟು ಹೋಯಿತು. ಹಿಂದಿನ ಬಾಗಿಲಿನಿಂದ ಬೆಳಕು ಚೆನ್ನಾಗಿತ್ತು, ಒಲೆ ಗ್ಯಾಸಿನದು, ಕೆಲಸ ನಿಲ್ಲಲಿಲ್ಲ. ಫ್ಯಾನಿಲ್ಲ, ಫ್ರಿಜ್ಜಿಲ್ಲ. ಇಡೀ ಅಂಗಡಿಯಲ್ಲಿ ಎಣ್ಣೆಯೊಂದೇ ಸದ್ದು ಮಾಡುತ್ತಿತ್ತು. ದಪ್ಪಗಿದ್ದದ್ದು ತೆಳುವಾಗಿ, ಕಾಗದ ಮುದುರಿದ ಹಾಗಾಯಿತು. ಈಗ ಎತ್ತುತ್ತಾರೆ ಅಂದುಕೊಂಡೆ. ದೊಡ್ಡಕ್ಕ ಬಾಣಲೆಯ ಮೇಲೆ ಬಗ್ಗಿ, ಕಿವಿ ಕೊಟ್ಟು, ನನ್ನ ಕಡೆ ನೋಡದೆ ಅಂದರು, "ಆ ಫ್ಯಾನ್ ಸ್ವಲ್ಪ ನಿಲ್ಸಮ್ಮ."

ಫ್ಯಾನು ನಿಂತೇ ಇತ್ತು ಅಪ್ಪಾ.

ಅವರಿಗೆ ಕೇಳಿಸುತ್ತಿಲ್ಲ. ನಾನು ಹೇಳಬೇಕು. ಆದರೆ ಹೇಗೆ? ಬುಟ್ಟಿ ಕೊಡುತ್ತೇನೆ ಅಂದವರ ಮುಂದೆ ನಿಂತು ನಿಮಗೆ ಕಿವಿ ಕೇಳಿಸುವುದಿಲ್ಲ ಅಂದರೆ, ಅವರ ಜಾಗಕ್ಕೇ ಕೈ ಹಾಕಿದ ಹಾಗೆ ಕಾಣುತ್ತದೆ. ಹೇಳದಿದ್ದರೆ ಒಂದನೇ ತಾರೀಕು ನನಗೆ ಬುಟ್ಟಿ ಸಿಗುತ್ತದೆ, ಅಂಗಡಿ ಒಂದೊಂದೇ ಗಿರಾಕಿಯಾಗಿ ಖಾಲಿಯಾಗುತ್ತದೆ. ನೀನಾಗಿದ್ದರೆ ಏನು ಮಾಡುತ್ತಿದ್ದೆ? ಬೇಗ ಬರಿ.

ಚಿನಕುರುಳಿ


ಆಗಸ್ಟ್ 13

ಚಿನಕುರುಳಿ,

ಹೇಳಬೇಡ.

ಆಕೆಗೆ ಗೊತ್ತಿರುತ್ತದೆ. ಗೊತ್ತಿದ್ದೂ ಸುಮ್ಮನಿದ್ದಾರೆ ಅಂದರೆ ಅವರಿಗೆ ಅವರದೇ ಕಾರಣ ಇರುತ್ತದೆ. ಬೇರೆಯವರು ಬೆರಳು ಮಾಡಿ ತೋರಿಸುವುದು ಬೇಡ. ಹದಿನೆಂಟು ವರ್ಷದವಳು ಅಂತೂ ಬೇಡವೇ ಬೇಡ. ನೀನು ಬುಟ್ಟಿ ತೆಗೆದುಕೋ, ಸುಮ್ಮನೆ ಕೆಲಸ ಮಾಡು.

ಬೆಲ್ಟು ತಿಂಗಳಿಗೊಮ್ಮೆ ನೋಡು.

ಅಪ್ಪ


ಆಗಸ್ಟ್ 21

ಅಪ್ಪಾ,

ಹೇಳಿದೆ.

ನಿನ್ನ ಪತ್ರ ಬಂದ ದಿನವೇ ಹೇಳಿದೆ. ಅದನ್ನು ಓದಿ ನನಗೆ ಎಷ್ಟು ಸಿಟ್ಟು ಬಂತು ಅಂದರೆ, ಇನ್ನು ಒಂದು ದಿನ ಸುಮ್ಮನಿದ್ದರೆ ನಾನೂ ನಿನ್ನ ಹಾಗೆ ನಾಲ್ಕು ಸಾಲಿನವಳಾಗುತ್ತೇನೆ ಅನ್ನಿಸಿತು. ಸುಳ್ಳು ಹೇಳಿದರೆ ಊಟ ಇಲ್ಲ ಅಂತ ನನ್ನನ್ನು ಬೆಳೆಸಿದವನು ನೀನು. ಈಗ ಸುಮ್ಮನಿರು ಅನ್ನುತ್ತೀಯ. ಹೆದರಿಕೊಂಡವನು ಬರೆದ ಹಾಗಿತ್ತು ನಿನ್ನ ಪತ್ರ. ಬರೆಯಬಾರದಿತ್ತೇನೋ. ಬರೆದಾಯಿತು, ಹೊಡೆದು ಹಾಕುವುದಿಲ್ಲ.

ಬಾಗಿಲು ತೆರೆಯುವುದಕ್ಕೆ ಮೊದಲು, ದೊಡ್ಡಕ್ಕ ಹಿಟ್ಟು ಜರಡಿ ಹಿಡಿಯುತ್ತಿದ್ದರು. ನಾನು ಹತ್ತಿರ ಹೋಗಿ, "ದೊಡ್ಡಕ್ಕ, ನಿಮಗೆ ಎಣ್ಣೆ ಸದ್ದು ಕೇಳಿಸ್ತಾ ಇಲ್ಲ" ಅಂದೆ. ಅವರು ಜರಡಿ ಹಿಡಿಯುತ್ತಲೇ ಇದ್ದರು. ಎರಡನೇ ಸಲ ಜೋರಾಗಿ ಹೇಳಬೇಕಾಯಿತು. ಅನ್ನದಣ್ಣನ ಕೈಯಿಂದ ಸೌಟು ಬಿತ್ತು. ಸೌಟು ಬಿದ್ದ ಸದ್ದಿಗೂ ದೊಡ್ಡಕ್ಕ ಆ ಕಡೆ ತಿರುಗಲಿಲ್ಲ, ನನ್ನ ತುಟಿಯನ್ನೇ ನೋಡುತ್ತಿದ್ದರು.

"ಯಾರ್ ಹೇಳಿದ್ದು?"

"ಯಾರೂ ಹೇಳಿಲ್ಲ. ಕರೆಂಟ್ ಹೋಗಿದ್ದ ದಿನ ಫ್ಯಾನ್ ನಿಲ್ಸು ಅಂದ್ರಿ."

ಜರಡಿ ಕೆಳಗಿಟ್ಟು, "ಒಂದನೇ ತಾರೀಕಿಂದ ಬುಟ್ಟಿ ಕೊಡ್ತೀನಿ ಅಂದಿದ್ನಲ್ಲ, ಅಷ್ಟಕ್ಕೂ ತಡ್ಕೊಳೋಕಾಗ್ಲಿಲ್ವಾ? ನನ್ನ ಜಾಗ ಪೂರ್ತಿ ಬೇಕಾಯ್ತಾ ನಿಂಗೆ?"

"ಬೇಕು ದೊಡ್ಡಕ್ಕ. ಬೇಡ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಅದಕ್ಕೋಸ್ಕರ ಹೇಳ್ತಿಲ್ಲ."

"ಇನ್ಯಾತಕ್ಕೆ?"

"ಕೋಳಿ ಚೆನ್ನಾಗಿ ಬರ್ತಿಲ್ಲ. ಅದಕ್ಕೆ."

ಅವರ ಮುಖ ನೋಡಬೇಕಿತ್ತು. ನಾನು ಕಿವಿಯ ಮಾತಾಡಿದ್ದಕ್ಕಿಂತ ಕೋಳಿಯ ಮಾತಾಡಿದ್ದೇ ಜಾಸ್ತಿ ತಾಗಿತು. "ಅನ್ನದ ಕಡೆ ಹೋಗು. ಎಣ್ಣೆ ಹತ್ರ ಬಂದ್ರೆ ಕಾಲು ಮುರೀತೀನಿ" ಅಂದರು. ಅಲ್ಲಿಗೆ ಒಂದನೇ ತಾರೀಕು ಹೋಯಿತು.

ಈಗ ಅನ್ನದಣ್ಣನ ಜೊತೆ ಕ್ಯಾರೆಟ್ ಸೀಳುತ್ತೇನೆ. "ಬೆಂಕಿಕಡ್ಡಿ ಥರ ಸೀಳು ಅಂದ್ರೆ ಸೌದೆ ಥರ ಸೀಳ್ತೀಯಲ್ಲಮ್ಮ" ಅನ್ನುತ್ತಾರೆ. ಬೆನ್ನ ಹಿಂದೆ ಎಣ್ಣೆ ಸದ್ದು ಕೇಳುತ್ತಲೇ ಇರುತ್ತದೆ. ಈಗ ಎತ್ತಿ, ಈಗ ಎತ್ತಿ ಅಂತ ಒಳಗೇ ಕೂಗಿಕೊಳ್ಳುತ್ತೇನೆ. ಅವರು ಎತ್ತುವುದಿಲ್ಲ.

ನಿನ್ನಿಂದ ಉತ್ತರ ಬೇಕೇ ಬೇಕು ಅಂತಿಲ್ಲ.


ಸೆಪ್ಟೆಂಬರ್ 8

ಚಿನಕುರುಳಿ,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಮೂರು ಸಲ ಬರೆದು ಹರಿದೆ. ಇದನ್ನು ಹರಿಯುವ ಮೊದಲೇ ಅಂಚೆಗೆ ಹಾಕುತ್ತೇನೆ.

ಹೆದರಿಕೊಂಡವನೇ ಬರೆದದ್ದು. ಸರಿಯಾಗಿ ಓದಿದ್ದೀಯ.

ನನ್ನ ಎಡಗಿವಿ ಹೋಗಿ ಏಳು ವರ್ಷ. ಬಲಗಿವಿ ಅರ್ಧಕ್ಕೆ ಇಳಿದು ಮೂರು ವರ್ಷ. ಲಿಫ್ಟಿನ ಮೋಟಾರು ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕಳೆದವನಿಗೆ ಇನ್ನೇನಾಗುತ್ತದೆ? ಯಾರಿಗೂ ಹೇಳಿಲ್ಲ. ಅಮ್ಮನಿಗೆ ಹೇಳದೆ ಗೊತ್ತಾಗಿದೆ. ಅವಳು ನನ್ನ ಎಡಗಡೆ ಕೂರುವುದನ್ನು ಎಂದೋ ಬಿಟ್ಟಳು. ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಫೋನಿನಲ್ಲಿ ನೀನು ಹೇಳಿದ್ದರಲ್ಲಿ ನನಗೆ ಕಾಲು ಭಾಗ ಸಿಗುತ್ತಿತ್ತು. ಉಳಿದದ್ದನ್ನು ಊಹಿಸಿ ಉತ್ತರ ಕೊಡುತ್ತಿದ್ದೆ. ನೀನು ಕಿರುಚಿದ ಮೇಲೆ ಕೇಳಿಸುತ್ತಿತ್ತು, ಆಗ ನಾನೂ ಕಿರುಚುತ್ತಿದ್ದೆ. ಶಾಲೆ ಬಿಟ್ಟ ದಿನ ನೀನು ಅಡುಗೆಮನೆ ಬಾಗಿಲಲ್ಲಿ ನಿಂತು ಏನೋ ಉದ್ದಕ್ಕೆ ಹೇಳಿದೆ. ಇನ್ನು ಹೋಗುವುದಿಲ್ಲ ಅನ್ನುವುದು ಮಾತ್ರ ತಿಳಿಯಿತು. ಇನ್ನೊಮ್ಮೆ ಹೇಳು ಅನ್ನಲು ನಾಚಿಕೆ. ಬೈದೆ. ಬೈಯುವುದಕ್ಕೆ ಕಿವಿ ಬೇಕಿಲ್ಲವಲ್ಲ. ಅವತ್ತು ಏನು ಹೇಳಿದೆ? ಬರೆದು ತಿಳಿಸು.

ಇನ್ನು ನಿನ್ನ ದೊಡ್ಡಕ್ಕನ ವಿಷಯ. ನಾನು ಈ ಏಳು ವರ್ಷ ಮೋಟಾರುಗಳನ್ನು ಹೇಗೆ ನೋಡಿಕೊಂಡೆ ಅಂತ ಯಾರೂ ಕೇಳಿಲ್ಲ, ನಿನಗೆ ಹೇಳುತ್ತೇನೆ. ಅಂಗೈಯಿಂದ. ಬೇರಿಂಗ್ ಸವೆದರೆ ಮೊದಲು ಮಣಿಕಟ್ಟಿಗೆ ತಿಳಿಯುತ್ತದೆ. ಸದ್ದು ಅಂದರೆ ನಡುಕ ತಾನೆ. ಕಿವಿಗೆ ಬರದಿದ್ದರೂ ಕೈಗೆ ಬರುತ್ತದೆ. ಎಣ್ಣೆಯಲ್ಲಿ ನೀರು ಕುದಿಯುವಾಗ ಬುಟ್ಟಿ ಅಲ್ಲಾಡುತ್ತಿರಬೇಕು. ಹಿಡಿ ಮರದ್ದಾದರೆ ಬಿಸಿಯಾಗುವುದಿಲ್ಲ. ಅದನ್ನು ಬಿಗಿಯಾಗಿ ಹಿಡಿಯಬಾರದು, ಹಕ್ಕಿ ಹಿಡಿದ ಹಾಗೆ ಹಿಡಿಯಬೇಕು. ನಡುಕ ಕಡಿಮೆಯಾಗುವುದು ತಿಳಿಯಬಹುದು. ನಾನು ಕೋಳಿ ಕರಿದವನಲ್ಲ, ತಪ್ಪಿರಬಹುದು.

ಇದನ್ನು ಅವರಿಗೆ ಹೇಳಿದರೆ ನಿನ್ನ ಜಾಗ ಅವರಿಗೇ ವಾಪಸ್ಸು ಹೋಗುತ್ತದೆ. ಯೋಚನೆ ಮಾಡು. ಮಾಡುವುದಿಲ್ಲ ಅಂತ ಗೊತ್ತು.

ಅಪ್ಪ


ಸೆಪ್ಟೆಂಬರ್ 18

ಅಪ್ಪಾ, ಅಪ್ಪಾ, ಅಪ್ಪಾ,

ನಿನ್ನ ಪತ್ರವನ್ನು ಹಿತ್ತಿಲಿನ ಖಾಲಿ ಡಬ್ಬದ ಮೇಲೆ ಕೂತು ಓದಿದೆ. ಎದ್ದು ನಿಂತು ಇನ್ನೊಮ್ಮೆ ಓದಿದೆ. ಮೊದಲು ನಿನ್ನ ಮೇಲೆ ಸಿಟ್ಟು ಬಂತು, ಆಮೇಲೆ ಅಳು, ಆಮೇಲೆ ನಮ್ಮ ಒಂದೊಂದು ಫೋನೂ ನೆನಪಾಗಿ ನಗು. ಮೂರೂ ಒಟ್ಟಿಗೆ ಮಾಡುತ್ತಿದ್ದವಳನ್ನು ನೋಡಿ ಲಾಂಡ್ರಿಯವರು ನೀರು ತಂದುಕೊಟ್ಟರು.

ಅವತ್ತು ಬಾಗಿಲಲ್ಲಿ ಹೇಳಿದ್ದು ಇದು. ವಿಜ್ಞಾನದ ಪ್ರಯೋಗದ ಪುಸ್ತಕ ತುಂಬಿಸಬೇಕಿತ್ತು. ಹನ್ನೆರಡು ಪ್ರಯೋಗದಲ್ಲಿ ಶಾಲೆಯಲ್ಲಿ ಮಾಡಿಸಿದ್ದು ಮೂರು. ಉಳಿದ ಒಂಬತ್ತಕ್ಕೆ ಬೋರ್ಡಿನಲ್ಲಿದ್ದ ಅಂಕಿಗಳನ್ನೇ ಎಲ್ಲರೂ ಬರೆದರು. ನಾನು ಒಂಬತ್ತು ಪುಟದಲ್ಲೂ "ಮಾಡಿಲ್ಲ" ಅಂತ ಬರೆದೆ. ಪುಸ್ತಕ ಮುಖಕ್ಕೆ ಬಂತು. ಸರಿಯಾಗಿ ಬರೆದು ತಾ ಅಂದರು ಮೇಷ್ಟ್ರು. ಸರಿಯಾಗೇ ಬರೆದಿದ್ದೇನೆ ಅಂದೆ. ಅಷ್ಟೇ. ಆದರೆ ಅರ್ಧ ಕಾರಣ ಮಾತ್ರ ಅದು. ಇನ್ನರ್ಧ, ನನಗೆ ಕೂತಿರಲು ಆಗುತ್ತಿರಲಿಲ್ಲ. ಅದನ್ನೂ ಹೇಳಿದ್ದೆ ಅವತ್ತು. ಅದು ನಿನಗೆ ಕೇಳಿಸದಿದ್ದದ್ದೇ ಒಳ್ಳೆಯದಾಯಿತೇನೋ.

ಈಗ ಬುಟ್ಟಿ! ಹಿಡಿ ಮರದ್ದೇ! ಕೆಲಸ ಕಡಿಮೆ ಇದ್ದ ಹೊತ್ತು ನೋಡಿ ದೊಡ್ಡಕ್ಕನ ಮುಂದೆ ನಿನ್ನ ಪತ್ರ ಹಿಡಿದೆ. ಕಿವಿ ಮತ್ತು ಅಂಗೈಯ ವಿಷಯ ಇದ್ದ ಪುಟ ಮಾತ್ರ. ನಿನ್ನ ಗುಟ್ಟನ್ನು ಕೇಳದೆ ತೋರಿಸಿದ್ದು ತಪ್ಪು, ಆದರೆ ಬಾಯಲ್ಲಿ ಹೇಳಿದ್ದರೆ ನಂಬುತ್ತಿರಲಿಲ್ಲ. ಅವರು ನಿಂತೇ ಓದಿದರು. "ಏಳು ವರ್ಷನಾ?" ಅಂದರು. ಮತ್ತೆ ಓದಿದರು. "ಯಾರಿಗೂ ಹೇಳಿಲ್ವಾ?" "ಇಲ್ಲ ದೊಡ್ಡಕ್ಕ." "ನಂದು ಎರಡು ವರ್ಷ" ಅಂದರು.

ಆಮೇಲೆ ಒಂದು ಬುಟ್ಟಿ ಹಸಿ ಕೋಳಿ ಇಳಿಸಿ, ಹಿಡಿಯನ್ನು ಹಕ್ಕಿಯ ಹಾಗೆ ಹಿಡಿದು, ಕಣ್ಣು ಮುಚ್ಚಿದರು. ನಾನು ಅನ್ನದ ಕಡೆಯೇ ನಿಂತಿದ್ದೆ. ಕಾಲು ಮುರಿಸಿಕೊಳ್ಳುವ ಆಸೆ ಇರಲಿಲ್ಲ. ಸದ್ದು ತೆಳುವಾಗತೊಡಗಿತು. ಈಗ, ಅಂದುಕೊಂಡೆ. ಅದೇ ಕ್ಷಣಕ್ಕೆ ಅವರ ಕೈ ಮೇಲೆದ್ದಿತು! ಅನ್ನದಣ್ಣ ಚಪ್ಪಾಳೆ ತಟ್ಟಿದರು. ಇನ್ನೊಂದು ಬುಟ್ಟಿ. ಅದೂ ಸರಿ. ಐದು ಬುಟ್ಟಿ ಮಾಡಿದರು, ಐದೂ ಸರಿ. ಅಪ್ಪಾ, ನೀನು ಅಷ್ಟು ದೂರದಲ್ಲಿ ಕೂತು ಕೋಳಿ ಕರಿದೆ!

ಆದರೆ ಅದು ಮೊದಲನೇ ಸಲದ್ದು. ಎರಡನೇ ಸಲಕ್ಕೆ ಕೋಳಿಯಲ್ಲಿ ನೀರು ಅಷ್ಟು ಉಳಿದಿರುವುದಿಲ್ಲ. ಬುಟ್ಟಿ ಅಲ್ಲಾಡುವುದೇ ಇಲ್ಲ. ಅವರು ಎಷ್ಟು ಕಣ್ಣು ಮುಚ್ಚಿದರೂ ಕೈಗೆ ಏನೂ ಬರಲಿಲ್ಲ. ಸುಮ್ಮನೆ ಅಂದಾಜಿಗೆ ಎತ್ತಿದರು. ಒಂದು ಸಲ ಬೇಗ, ಒಂದು ಸಲ ತಡ. ನನ್ನ ಕಡೆ ನೋಡಿದರು. ನಾನು ಕ್ಯಾರೆಟ್ ನೋಡಿದೆ. ಕರೆಯಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ಮತ್ತೆ ಜಾಗದ ಮಾತಾಗುತ್ತದೆ.

ಇನ್ನು ಹನ್ನೆರಡು ದಿನ.

ಚಿನಕುರುಳಿ


ಅಕ್ಟೋಬರ್ 1

ಅಪ್ಪಾ,

ಇವತ್ತು ಮಧ್ಯಾಹ್ನ ಹಲ್ಲಿನ ಡಾಕ್ಟರು ತಮ್ಮ ಕ್ಲಿನಿಕ್ಕಿನವರನ್ನೆಲ್ಲ ಕರೆದುಕೊಂಡು ಬಂದರು. ಒಂಬತ್ತು ಜನ. ಅವರಲ್ಲಿ ಹೊಸದಾಗಿ ಸೇರಿದ ಡಾಕ್ಟರಮ್ಮನಿಗೆ "ಈ ಬೀದೀಲಿ ತಿನ್ನೋದಾದ್ರೆ ಇದೊಂದೇ ಜಾಗ" ಅಂತ ಹೇಳಿದ್ದು ನಮಗೆ ಒಳಗೇ ಕೇಳಿಸಿತು. ನನಗೆ ಕೇಳಿಸಿತು, ಅನ್ನದಣ್ಣನಿಗೆ ಕೇಳಿಸಿತು. ದೊಡ್ಡಕ್ಕ ನಮ್ಮ ಮುಖ ನೋಡಿ, "ಏನಂದ್ರು?" ಅಂತ ಕೇಳಿದರು. ಮೊದಲನೇ ಸಲ, ಅಪ್ಪಾ! ಇಷ್ಟು ದಿನದಲ್ಲಿ ಅವರು ಒಂದು ಸಲವೂ ಹಾಗೆ ಕೇಳಿರಲಿಲ್ಲ. ಹೇಳಿದೆ.

ಮೊದಲ ಸುತ್ತು ಅವರೇ ಕರಿದರು, ಕಣ್ಣು ಮುಚ್ಚಿ, ಹಿಡಿಯ ಮೇಲೆ ಕೈ ಇಟ್ಟು. ಕೋಳಿಯನ್ನು ಜಾಲರಿಯ ಮೇಲೆ ಕೂರಿಸಿದರು. ಎರಡನೇ ಎಣ್ಣೆ ಕಾಯಿತು. ಆಗ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ನನ್ನ ಕಡೆ ನೋಡದೆ ಗೋಡೆಗೆ ಹೇಳಿದ ಹಾಗೆ, "ಏಯ್ ಬಾಯಿಬಡುಕಿ. ಕ್ಯಾರೆಟ್ ಸೀಳಿದ್ದು ಸಾಕು, ಬಾ ಇಲ್ಲಿ."

"ಕಾಲು ಮುರೀತೀನಿ ಅಂದಿದ್ರಿ."

"ಬರದಿದ್ರೂ ಮುರೀತೀನಿ."

ಬುಟ್ಟಿ ನನ್ನ ಕೈಯಲ್ಲಿ! ಇಳಿಸಿದೆ. ಎಣ್ಣೆ ಹೂ ಬಿಟ್ಟ ಹಾಗೆ ಉಕ್ಕಿತು. ನನ್ನ ಎದೆ ಎಷ್ಟು ಬಡಿಯುತ್ತಿತ್ತು ಅಂದರೆ ಎಣ್ಣೆಯ ಸದ್ದು ಯಾವುದು, ನನ್ನದು ಯಾವುದು ಅಂತ ತಿಳಿಯಲಿಲ್ಲ. ಎತ್ತಿದೆ. ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡೆ. ಮೆತ್ತಗಿತ್ತು. ಬೇಗ ಎತ್ತಿದ್ದೆ, ಆತುರಗೇಡಿ. ಆದರೆ ಬಣ್ಣ ಚೆನ್ನಾಗಿತ್ತು. ಗೊಜ್ಜು ಸವರಿ ಕೊಟ್ಟಿದ್ದರೆ ಅರ್ಧ ಜನಕ್ಕೆ ತಿಳಿಯುತ್ತಿರಲಿಲ್ಲ. ದೊಡ್ಡಕ್ಕ ನೋಡುತ್ತಿದ್ದರು. ನಾನು ತಟ್ಟೆ ಪಕ್ಕಕ್ಕಿಟ್ಟು ಹೊರಗೆ ಹೋಗಿ, "ಮೊದಲನೇ ಬುಟ್ಟಿ ನಾನು ಕೆಡಿಸಿದೀನಿ. ಇನ್ನೊಂದು ಮಾಡ್ಬೇಕು, ಇಪ್ಪತ್ತೈದು ನಿಮಿಷ ಆಗುತ್ತೆ. ಕಾಯೋಕೆ ಆಗುತ್ತಾ?" ಅಂದೆ. ಹೊಸ ಡಾಕ್ಟರಮ್ಮ ಗಡಿಯಾರ ನೋಡಿಕೊಂಡರು. ಹಳೆಯ ಡಾಕ್ಟರು "ನಮ್ಮಲ್ಲಿ ಜನ ಬಾಯಿ ತೆರ್ಕೊಂಡು ಇದಕ್ಕಿಂತ ಜಾಸ್ತಿ ಹೊತ್ತು ಕಾಯ್ತಾರೆ. ಕೂತ್ಕೊಳ್ಳಿ" ಅಂದರು. ಯಾರೂ ಏಳಲಿಲ್ಲ.

ಎರಡನೇದಕ್ಕೆ ನಾನು ಉಸಿರು ಹಿಡಿದೆ. ದಪ್ಪ. ತೆಳು. ಇನ್ನೂ ತೆಳು. ಕಾಗದ. ಎತ್ತಿದೆ. ಜಾಲರಿಯ ಮೇಲೆ ಹಾಕಿದಾಗ ತುಂಡುಗಳು ಒಂದಕ್ಕೊಂದು ತಾಗಿ ಠಣ್ ಅಂದವು, ಗಾಜಿನ ಬಳೆ ತುಂಬಿದ ಡಬ್ಬ ಅಲ್ಲಾಡಿಸಿದ ಹಾಗೆ. ಡಾಕ್ಟರು ಕಚ್ಚಿದ್ದು ಅಡುಗೆಮನೆಗೆ ಕೇಳಿಸಿತು! ದೊಡ್ಡಕ್ಕ ನನ್ನ ಮುಖ ನೋಡಿದರು. ತಲೆ ಆಡಿಸಿದೆ. ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು, "ಇನ್ನು ಮೇಲೆ ಮೊದಲನೇದು ನಂದು, ಎರಡನೇದು ನಿಂದು. ದಿನಾ. ಗೊತ್ತಾಯ್ತಾ?" ಅಂದರು. ಅವರು ಕಿವಿಗೆ ಯಂತ್ರ ಹಾಕಿಸಿಕೊಳ್ಳುತ್ತಾರಂತೆ. ಮನೆಗೆ, ಮಾತಿಗೆ. ಎಣ್ಣೆಗಲ್ಲ. "ಎಣ್ಣೆಗೆ ನೀನಿದೀಯಲ್ಲ" ಅಂದರು.

ಇನ್ನು ಉಳಿದದ್ದು ಬರೆಯುತ್ತೇನೆ. ಸೆಪ್ಟೆಂಬರ್ 30 ನಿನ್ನೆ. ಒಂದು ದಿನ ತಡ. ಅನ್ನದಣ್ಣ "ಒಂದ್ ದಿನ ತಾನೇನಮ್ಮ, ನಿನ್ನೆ ತಾರೀಕು ಹಾಕು. ಅಂಚೆಯವನಿಗೇನ್ ಗೊತ್ತು, ನಿಮ್ಮಪ್ಪನಿಗೇನ್ ಗೊತ್ತು" ಅಂದರು. ಪೆನ್ನು ಹಿಡಿದು ತುಂಬ ಹೊತ್ತು ಕೂತಿದ್ದೆ, ನಾನು ಕೂತಿದ್ದೆ ಅಂದರೆ ನೋಡು. ಆಗಲಿಲ್ಲ. ಸೋತೆ ಅಪ್ಪಾ. ಯಾವಾಗ ಬರಬೇಕು ಹೇಳು. ದೊಡ್ಡಕ್ಕನಿಗೆ ಇನ್ನೂ ಹೇಳಿಲ್ಲ. ಇದೊಂದನ್ನು ಹೇಳಲು ನನಗೂ ಬಾಯಿ ಬರುತ್ತಿಲ್ಲ.

ಚಿನಕುರುಳಿ


ಅಕ್ಟೋಬರ್ 10

ಚಿನಕುರುಳಿ,

ಸೋತಿದ್ದೀಯ. ಪರೀಕ್ಷೆಗೆ ಕೂರಬೇಕು. ಅದರಲ್ಲಿ ಬದಲಾವಣೆ ಇಲ್ಲ.

ಫಾರ್ಮನ್ನು ಆಗಸ್ಟ್‌ನಲ್ಲೇ ತುಂಬಿದ್ದೆ, ದೊಡ್ಡಕ್ಕನಿಗೆ ಹೇಳಬೇಡ ಅಂತ ನಿನಗೆ ಬರೆದ ಮರುದಿನ. ಖಾಸಗಿ ಅಭ್ಯರ್ಥಿ ಅಂತ. ನೀನು ಗೆಲ್ಲುವುದಿಲ್ಲ ಅಂದುಕೊಂಡಿದ್ದೆ. ಇದನ್ನೂ ನಿನ್ನಿಂದ ಮುಚ್ಚಿಟ್ಟಿದ್ದೆ. ಈಗ ನನ್ನ ಹತ್ತಿರ ಮುಚ್ಚಿಟ್ಟದ್ದು ಏನೂ ಇಲ್ಲ.

ಷರತ್ತಿನಲ್ಲಿ ಎರಡು ಮಾತಿತ್ತು, ವಾಪಸ್ಸು ಬರುವುದು ಮತ್ತು ಕೂರುವುದು. ನೀನು ಒಂದು ದಿನ ತಡ ಮಾಡಿದೆ, ನಾನು ಒಂದು ಮಾತು ಬಿಟ್ಟಿದ್ದೇನೆ. ನಿನ್ನೆ ಪರೀಕ್ಷಾ ಕಚೇರಿಗೆ ಹೋಗಿ ನಿನ್ನ ಕೇಂದ್ರವನ್ನು ನೀನಿರುವ ಊರಿಗೆ ಬದಲಾಯಿಸಿದೆ. ಗುಮಾಸ್ತರು ಗಾಜಿನ ಹಿಂದಿನಿಂದ ಏನೋ ಹೇಳಿದರು. ಮೊದಲಾದರೆ ತಲೆ ಆಡಿಸಿ ಬಂದುಬಿಡುತ್ತಿದ್ದೆ. "ನನಗೆ ಕಿವಿ ಕೇಳಿಸೋದಿಲ್ಲ, ಬರೆದು ತೋರಿಸಿ" ಅಂದೆ. ಆತ ಬರೆದು ತೋರಿಸಿದ. ಅಷ್ಟೇ. ಇಷ್ಟು ಸುಲಭ ಅಂತ ಗೊತ್ತಿರಲಿಲ್ಲ. ಅಲ್ಲಿಂದ ಕೆಲಸಕ್ಕೆ ಹೋಗಿ ನಮ್ಮ ಸಾಹೇಬರಿಗೂ ಕಿವಿಯ ವಿಷಯ ಹೇಳಿದೆ. ಇನ್ನು ಮೋಟಾರು ಕೋಣೆಗೆ ನನ್ನ ಜೊತೆ ಇನ್ನೊಬ್ಬನನ್ನು ಕಳಿಸುತ್ತಾರಂತೆ. ಮಾತು ಜಾಸ್ತಿ ಅವನದು. ನನಗೇನೂ ತೊಂದರೆ ಇಲ್ಲ.

ನವೆಂಬರ್ 17ರಿಂದ ಆರು ದಿನ, ಹತ್ತರಿಂದ ಒಂದರವರೆಗೆ. ಪ್ರವೇಶ ಪತ್ರ ಇದರ ಜೊತೆ ಇದೆ. ಪುಸ್ತಕಗಳನ್ನು ಪಾರ್ಸೆಲ್ ಮಾಡಿದ್ದೇನೆ. ಪ್ರಯೋಗದ ಪುಸ್ತಕ ನಿನ್ನ ಕಪಾಟಿನಲ್ಲಿ ಸಿಕ್ಕಿತು. ಒಂಬತ್ತು ಪುಟವನ್ನೂ ನೋಡಿದೆ. ಅದನ್ನು ಕಳಿಸುವುದಿಲ್ಲ, ನಾನಿಟ್ಟುಕೊಳ್ಳುತ್ತೇನೆ.

ಕೆಡಿಸಿದ ಬುಟ್ಟಿಯ ಕೋಳಿ ಯಾರು ತಿಂದರು? ಅಮ್ಮ ಕೇಳುತ್ತಿದ್ದಾಳೆ.

ಅಪ್ಪ


ಅಕ್ಟೋಬರ್ 20

ಅಪ್ಪಾ,

ಲಾಂಡ್ರಿಯವರು ತಿಂದರು. ಚೆನ್ನಾಗಿದೆ ಅಂದರು. ಚೆನ್ನಾಗಿರಲಿಲ್ಲ.

ಪ್ರವೇಶ ಪತ್ರ ನೋಡಿ ಎಷ್ಟು ಹೊತ್ತು ಕುಣಿದೆ, ಎಷ್ಟು ಹೊತ್ತು ಹಲ್ಲು ಕಡಿದೆ, ಎರಡನ್ನೂ ಬರೆಯುವುದಿಲ್ಲ. ಪುಸ್ತಕಗಳು ಬಂದವು. ಹಿಟ್ಟಿನ ಡಬ್ಬದ ಪಕ್ಕದಲ್ಲಿಟ್ಟಿದ್ದೇನೆ. ಕೋಳಿ ಜಾಲರಿಯ ಮೇಲೆ ಕೂತಿರುವಾಗ ನಾನೂ ಕೂತು ಒಂದು ಪುಟ ಓದುತ್ತೇನೆ. ಕುದಿಯುವ ಬಿಂದುವಿನ ಪಾಠ ಒಂದೇ ದಿನದಲ್ಲಿ ಮುಗಿಯಿತು. ಅದರಲ್ಲಿ ಇರುವುದೆಲ್ಲ ನನಗೆ ಗೊತ್ತಿತ್ತು! ಅನ್ನದಣ್ಣ ಕ್ಯಾರೆಟ್ ಸೀಳುತ್ತಾ ಪ್ರಶ್ನೆ ಕೇಳುತ್ತಾರೆ, ಉತ್ತರ ಅವರಿಗೂ ಗೊತ್ತಿರುವುದಿಲ್ಲ.

ದೊಡ್ಡಕ್ಕನಿಗೆ ಭಯದಿಂದಲೇ ಹೇಳಿದೆ, ಆರು ದಿನ ಹತ್ತರಿಂದ ಒಂದು, ಅಂಗಡಿ ತೆರೆಯುವುದು ಹನ್ನೊಂದಕ್ಕೆ ಅಂತ. ಬೇರೆ ಯಾರನ್ನಾದರೂ ಆರು ದಿನಕ್ಕೆ ನಿಲ್ಲಿಸಿಕೊಳ್ಳಿ ಅಂದೆ. ಅವರು ಪ್ರವೇಶ ಪತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು. ನನ್ನ ಫೋಟೋ ನೋಡಿ "ಕಳ್ಳಿ ಥರ ಇದೀಯ" ಅಂದರು. ಆಮೇಲೆ ಒಂದು ರಟ್ಟು ತಂದು, ಮಾರ್ಕರ್ ಪೆನ್ನಿನಲ್ಲಿ ತಾವೇ ಬರೆದು, ಇನ್ನೂ ಒಂದು ತಿಂಗಳು ಇರುವಾಗಲೇ ಗಾಜಿನ ಬಾಗಿಲಿಗೆ ಅಂಟಿಸಿದರು. ಈಗ ಬೀದಿಯವರೆಲ್ಲ ನಿಂತು ಓದುತ್ತಾರೆ. ಅದರಲ್ಲಿರುವುದನ್ನು ಹಾಗೇ ಬರೆಯುತ್ತೇನೆ, ಒಂದು ಅಕ್ಷರವೂ ನನ್ನದಲ್ಲ:

ನವೆಂಬರ್ 17ರಿಂದ ಆರು ದಿನ
ಹನ್ನೊಂದಕ್ಕೆ ಅನ್ನ ಸಿಗುತ್ತದೆ.
ಕೋಳಿ ಒಂದೂವರೆಗೆ.
ನಮ್ಮ ಕರಿಯುವವಳಿಗೆ ಪರೀಕ್ಷೆ ಇದೆ.